ಏಳು ಕರಿ ಸುತ್ತು

ಕ್ಯುಮೋನಿ ಊರಿನ ಹಳೇ ಕೋರ್ಟಿನ ಅಂಗಳದಲ್ಲಿ ಕಸ್ಯೋಕಳ ಪೊರಕೆ ತಾಗದ ಕಲ್ಲಿಲ್ಲ. ಹದಿನೇಳರಲ್ಲಿ ಹಿಡಿದ ಪೊರಕೆಯನ್ನು ಅರವತ್ತೆರಡಾದರೂ ಅವಳು ಕೆಳಗಿಟ್ಟಿರಲಿಲ್ಲ. ಅಷ್ಟರಲ್ಲಿ ಹನ್ನೊಂದು ಮಂದಿ ಮ್ಯಾಜಿಸ್ಟ್ರೇಟರು ಬಂದುಹೋದರು. ಗೋಡೆ ಗಡಿಯಾರ ಎರಡು ಸಲ ಕೆಟ್ಟು, ಮೂರನೇ ಸಲ ನಿಂತೇಹೋಯಿತು. ಕೊನೆಗೆ ಕೋರ್ಟೇ ಎದ್ದು ಪೇಟೆಯ ಆಚೆಯ ಗಾಜಿನ ಕಟ್ಟಡಕ್ಕೆ ಹೋಯಿತು. ಹಳೇ ಕಟ್ಟಡವನ್ನು ಊರಿನ ವಸ್ತುಸಂಗ್ರಹಾಲಯ ಮಾಡುವುದೆಂದು ತೀರ್ಮಾನವಾದಾಗ, ಮುರುಕು ಬೆಂಚು, ಶಾಯಿ ಕುಡಿಕೆಗಳ ಜೊತೆಗೆ ಕಸ್ಯೋಕಳೂ ಹೊಸ ಯಜಮಾನನ ಪಾಲಿಗೆ ಬಂದಳು.

ಆ ಕಟ್ಟಡದ ಮುಂದೆ ಹಾಯುವಾಗ ನಮ್ಮೂರಿನ ಮುದುಕರು ಈಗಲೂ ಟೋಪಿ ತೆಗೆಯುತ್ತಾರೆ. ಮೊಳ ದಪ್ಪದ ಬೂದುಗಲ್ಲಿನ ಗೋಡೆ. ಮೇಲೆ ಹಡಗು ಹತ್ತಿ ಬಂದ ಮಂಗಳೂರು ಹೆಂಚು. ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಯಾರೋ ಬಾಗಿಲು ಹಾಕಿಕೊಂಡಂತೆ ಹಿಂದೆಯೇ ನಿಂತುಬಿಡುತ್ತದೆ. ಎಂಥ ಬಾಯಿಬಡುಕನೂ ಅಲ್ಲಿ ಪಿಸುಗುಡುತ್ತಾನೆ. ಸಾಕ್ಷಿ ನಿಲ್ಲುವ ಮರದ ಕಟಕಟೆಯನ್ನು ಕಸ್ಯೋಕ ದಿನಾ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದಳು. ಆದರೆ ನಲವತ್ತೈದು ವರ್ಷದಲ್ಲಿ ಒಂದು ದಿನವೂ ಅದರೊಳಗೆ ಕಾಲಿಟ್ಟವಳಲ್ಲ.

ನಿಜವಾದ ಹೆದರಿಕೆ ಇದ್ದದ್ದು ಕಟ್ಟಡದಲ್ಲಲ್ಲ, ಅದರ ಹಿಂದಿನ ತಗಡಿನ ಗುಡಿಸಲಿನಲ್ಲಿ. ಅಲ್ಲಿ ಕಿಥಿಟು ಇತ್ತು. ಕಿಥಿಟು ಎಂದರೆ ಆಣೆಯ ಕೊಂಬು. ಅದರೊಳಗೆ ಏನಿದೆಯೆಂದು ಕೇಳಬಾರದು, ಕೇಳಿದವರೂ ಇಲ್ಲ. ಬಿಳಿಯರ ಕಾಲದಲ್ಲಿ ಕಾನೂನಿಗೆ ಬಗ್ಗದ ವ್ಯಾಜ್ಯ ಬಂದರೆ ಕೋರ್ಟಿನ ಹಿರಿಯರು ಈ ಕೊಂಬನ್ನು ಅಂಗಳದ ಅತ್ತಿಮರದ ಕೆಳಗೆ ತಂದಿಡುತ್ತಿದ್ದರು. ಆಣೆ ಮಾಡುವವರು ಕಡ್ಡಿಯಿಂದ ಅದನ್ನು ಹೊಡೆದು, 'ನಾನು ಸುಳ್ಳು ಹೇಳಿದ್ದರೆ ಇದು ನನ್ನನ್ನು ತಿನ್ನಲಿ' ಅನ್ನಬೇಕು. ಆಮೇಲೆ ಏಳು ತಿಂಗಳು ಕಾಯಬೇಕು. ಅಷ್ಟರೊಳಗೆ ಸತ್ತರೆ ಸುಳ್ಳು, ಬದುಕಿದರೆ ನಿಜ. ಬದುಕಿ ಉಳಿದವರು ಮತ್ತೆ ಅದೇ ಅತ್ತಿಮರದ ಕೆಳಗೆ ನೆಲದ ಮೇಲೆ ಕೂರುತ್ತಾರೆ. ವ್ಯಾಜ್ಯದ ಎದುರಾಳಿ ಮನೆಯವರು ಬಂದು, 'ನೀನು ಹೇಳಿದ್ದೇ ಹೌದು. ತಿಂಗಳು ತುಂಬಿತು. ಎದ್ದು ಮನೆಗೆ ಹೋಗು' ಅನ್ನಬೇಕು. ಆ ಮಾತು ಬೀಳುವವರೆಗೆ ಆಣೆ ಮನೆ ಬಿಟ್ಟು ಕದಲುವುದಿಲ್ಲ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಅಂಟಿಕೊಂಡೇ ಇರುತ್ತದೆ.

ಕಸ್ಯೋಕಳ ಅಜ್ಜಿ ಕಲೋಂಡುವಿಗೆ ಆ ಮಾತನ್ನು ಯಾರೂ ಹೇಳಲಿಲ್ಲ.

ಕಲೋಂಡುವಿಗೆ ಮಕ್ಕಳಿರಲಿಲ್ಲ, ಗಂಡ ಮುಲಿ ತೀರಿಕೊಂಡಿದ್ದ. ನಮ್ಮಲ್ಲಿ ಇಂಥ ಹೆಂಗಸಿಗೆ ಒಂದು ದಾರಿ ಉಂಟು. ಅವಳೇ ಆಡು, ದನ ಕೊಟ್ಟು ಒಬ್ಬ ಹುಡುಗಿಯನ್ನು ಮದುವೆಯಾಗಿ ಮನೆ ತುಂಬಿಸಿಕೊಳ್ಳುತ್ತಾಳೆ. ಹುಡುಗಿಗೆ ಯಾರಿಂದಲೇ ಹುಟ್ಟಲಿ, ಮಕ್ಕಳು ಈ ಮನೆಯ ಮೊಮ್ಮಕ್ಕಳು, ಸತ್ತ ಯಜಮಾನನ ಹೆಸರು ಹೇಳುವವರು. ಕಲೋಂಡು ಹಾಗೆ ಕರೆತಂದವಳೇ ವಾಯುವಾ. ವಾಯುವಾಳ ಒಬ್ಬಳೇ ಮಗಳು ಕಸ್ಯೋಕ. ಮಗುವನ್ನು ಮೊದಲ ಸಲ ಎತ್ತಿಕೊಂಡ ಕಲೋಂಡು, ಮುಲಿಯ ಮನೆ ಮತ್ತೆ ಹುಟ್ಟಿ ಬಂತು ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದಳಂತೆ.

ಮುಲಿಯ ತಮ್ಮ ಮಾಲುಕಿಗೆ ಮಾತ್ರ ಇದು ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಅಣ್ಣನ ಹೊಲ ತನಗೇ ಎಂದು ಕಾದು ಕೂತಿದ್ದವನು ಅವನು. 'ಆಡು ಕೊಟ್ಟದ್ದೇ ಸುಳ್ಳು, ಮದುವೆಯೇ ಆಗಿಲ್ಲ, ಈ ಮಗು ಯಾರದೋ' ಎಂದು ಕೋರ್ಟಿಗೆ ಹೋದ. ಆಡು ಎಣಿಸಿಕೊಂಡ ವಾಯುವಾಳ ತಂದೆಯೂ ಅಷ್ಟರಲ್ಲಿ ಮಣ್ಣು ಸೇರಿದ್ದ. ಕಲೋಂಡು ಹಿಂದೆ ಮುಂದೆ ನೋಡದೆ ಕೊಂಬು ಹೊಡೆದಳು. ಅದು ನಮ್ಮ ದೇಶಕ್ಕೆ ಬಿಳಿಯರಿಂದ ಸ್ವಾತಂತ್ರ್ಯ ಸಿಗುವ ಎರಡು ವರ್ಷ ಮೊದಲು. ಬರ ಬಿದ್ದು ವಿಮಾನದಿಂದ ಜೋಳದ ಮೂಟೆ ಉದುರಿಸಿದ ವರ್ಷ. ಬರ ಸಾಲದೆಂದು ಅದರ ಬಾಲ ಹಿಡಿದೇ ಪ್ರವಾಹ ಬಂದ ವರ್ಷ.

ಆಣೆ ಆದದ್ದು ಹೊಸ ಚಂದ್ರ ಕಂಡ ದಿನ; ಆ ಸಂಜೆಯೇ ಕಲೋಂಡು ಹೊಸ ಬುಟ್ಟಿ ಶುರು ಮಾಡಿದಳು. ನಮ್ಮ ಹೆಂಗಸರ ಕೈ ನಡೆಯುವಾಗಲೂ ಬುಟ್ಟಿ ಹೆಣೆಯುತ್ತಿರುತ್ತದೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಈ ಬುಟ್ಟಿಗೆ ಅವಳು ದಿನಕ್ಕೆ ಒಂದೇ ಸುತ್ತು ಹಾಕುತ್ತಿದ್ದಳು. ತೊಡೆಯ ಮೇಲೆ ಕತ್ತಾಳೆ ನಾರು ಹೊಸೆದು ಒಂದು ಸುತ್ತು ಮುಗಿಸಿ, ಗೋಡೆಗೆ ತೂಗುಹಾಕಿ ಏಳುತ್ತಿದ್ದಳು. ಅಲ್ಲಿಂದ ಮುಂದೆ ಹೊಸ ಚಂದ್ರ ಕಂಡ ದಿನ ಮಾತ್ರ ಕರಿ ನಾರಿನ ಸುತ್ತು. ಎಂಟು ವರ್ಷದ ಕಸ್ಯೋಕ ನಾರಿನ ತುದಿ ಹಿಡಿದು ಕೂರುತ್ತಿದ್ದಳು. ಒಮ್ಮೆ ಅಜ್ಜಿಗೆ ಚಳಿಜ್ವರ ಬಂದಾಗ ಆ ದಿನದ ಸುತ್ತನ್ನು ಅರ್ಧ ಅವಳೇ ಹೆಣೆದಳು. ಅದು ಸೊಟ್ಟಗಾಯಿತು.

"ಬಿಚ್ಚಿ ಮತ್ತೆ ಹಾಕ್ಲಾ ಅಜ್ಜಿ?"

"ಬೇಡ ಕಣೇ. ಸುತ್ತು ಬಿಚ್ಚಬಹುದು, ದಿನ ಬಿಚ್ಚೋಕಾಗುತ್ತಾ? ಇವತ್ತಿನ ದಿನಾನೇ ಸೊಟ್ಟಗಿತ್ತು ಅಂತ ಇರ್ಲಿ ಬಿಡು."

ಆರನೆಯ ಚಂದ್ರ ಹುಟ್ಟುವ ಹೊತ್ತಿಗೆ ಆಕಾಶ ಮುಚ್ಚಿಕೊಂಡಿತ್ತು. ಹಗಲೂ ರಾತ್ರಿ ಮಳೆ. ಹೊಳೆ ಸೇತುವೆಯನ್ನು ಎತ್ತಿಕೊಂಡು ಹೋಯಿತು. ವಾರಗಟ್ಟಲೆ ಯಾರೂ ಚಂದ್ರನ ಮುಖ ನೋಡಲಿಲ್ಲ. ಕಲೋಂಡು ಮೂವತ್ತನೆಯ ದಿನ ಸದ್ದಿಲ್ಲದೆ ಕರಿ ನಾರು ಎತ್ತಿಕೊಂಡಳು.

"ಚಂದ್ರ ಕಾಣಲೇ ಇಲ್ವಲ್ಲ ಅಜ್ಜಿ!"

"ಕಾಣ್ದಿದ್ರೆ ಹುಟ್ಟಲಿಲ್ಲ ಅಂತಾನಾ? ಮೋಡದ ಹಿಂದೆ ಅವನ ಕೆಲಸ ಅವನು ಮಾಡ್ತಾವ್ನೆ. ನನ್ನ ಕೆಲಸ ನಾನು ಮಾಡ್ತೀನಿ. ಹಿಡಿ, ತುದಿ ಸಡಿಲ ಬಿಡ್ಬೇಡ."

ಊರಿನಲ್ಲಿ ಎಣಿಕೆ ಹಿಡಿದವನು ಕೊಂಬಿನ ಕಾವಲಿನ ಹಿರಿಯ ಕ್ಯಾಲೊ. ಕಟ್ಟುನಿಟ್ಟಿನ ಮನುಷ್ಯ, ಮೋಸ ತಿಳಿಯದವನು. ಆದರೆ ಅವನ ಕಟ್ಟಲೆ ಒಂದೇ: ಹುಟ್ಟಿದ್ದನ್ನು ಕಣ್ಣಾರೆ ಕಾಣದ ಚಂದ್ರ ಚಂದ್ರನೇ ಅಲ್ಲ. ಆ ತಿಂಗಳನ್ನು ಅವನು ಬಿಟ್ಟೇಬಿಟ್ಟ. ಹೀಗೆ ಕಲೋಂಡುವಿನ ಏಳನೆಯ ತಿಂಗಳು ತುಂಬಿದ ದಿನ ಊರಿನ ಲೆಕ್ಕದಲ್ಲಿ ಆರೇ ಆಗಿತ್ತು. ಹೊಳೆ ಇಳಿದ ಮೇಲೆ ಕೋರ್ಟಿಗೆ ಹೋಗಿ ನೆಲದ ಮೇಲೆ ಕೂರುತ್ತೇನೆ ಎಂದು ಅವಳು ದಾರಿ ಕಾದಳು. ಹೊಳೆ ಇಳಿಯುವ ಮೊದಲೇ ಜ್ವರ ಏರಿತು. ಅವಳು ತೀರಿಹೋದಳು.

ಕೊಂಬು ಅವಳನ್ನು ತಿಂದಿತು ಎಂದಿತು ಊರು. ಆಣೆಯಲ್ಲಿ ಸತ್ತವಳ ಕೈಯ ವಸ್ತು ಮನೆಯಲ್ಲಿರಬಾರದೆಂದು ಕ್ಯಾಲೊ ಅವಳ ಚಾಪೆ, ಸೋರೆಬುರುಡೆ, ಬುಟ್ಟಿ ಎಲ್ಲವನ್ನೂ ಒಯ್ದ. ಹೊಲ, ಹೊಲದ ಮನೆ ಎರಡೂ ಮಾಲುಕಿಯ ಪಾಲಾದವು. 'ಅಜ್ಜಿ ಏಳು ಮುಗಿಸಿದ್ಲು, ನಾನೇ ನಾರು ಹಿಡಿದಿದ್ದೆ' ಎಂದು ಕಸ್ಯೋಕ ಅತ್ತು ಹೇಳಿದಳು. ಎಂಟು ವರ್ಷದ ಮಗುವಿನ ಮಾತು ಹಿರಿಯರ ಮುಂದೆ ಯಾವ ಲೆಕ್ಕ?

ಅಲ್ಲಿಂದ ತಾಯಿ ಮಗಳ ಬಾಳು ಕೋರ್ಟಿನ ಅತ್ತಿಮರದ ಕೆಳಗೇ ನಡೆಯಿತು. ವಾಯುವಾ ಜೋಳ, ಅವರೆ ಬೇಯಿಸಿ ಮಾರುತ್ತಿದ್ದಳು. ಊರವರು ಅವಳ ಕೈಯಿಂದ ತಿನ್ನುತ್ತಿರಲಿಲ್ಲ. ಸುದ್ದಿ ತಿಳಿಯದ ದೂರದ ಕಕ್ಷಿಗಾರರು ತಿಂದು, 'ಇಂಥ ರುಚಿ ಎಲ್ಲೂ ಇಲ್ಲ' ಎಂದು ಬೆರಳು ಚೀಪಿ ಹೋಗುತ್ತಿದ್ದರು. ಕಸ್ಯೋಕಳಿಗೆ ಕಸ ಗುಡಿಸುವ ಕೆಲಸ ಸಿಕ್ಕಿದ್ದೂ ಪುಣ್ಯಕ್ಕಲ್ಲ. ಕೊಂಬಿನ ಗುಡಿಸಲ ಸುತ್ತ ಗುಡಿಸಲು ಬೇರೆ ಯಾರೂ ಒಪ್ಪಲಿಲ್ಲ, ಅಷ್ಟೆ. ಒಮ್ಮೆ ಅವಳನ್ನು ಮದುವೆಗೆ ಕೇಳಲು ಆಡು ಹೊಡೆದುಕೊಂಡು ಹೊರಟವರು ಹೊಳೆಯ ದಾಟಿನಲ್ಲಿ ಅವಳ ಮನೆತನದ ಸುದ್ದಿ ಕೇಳಿ ಆಡುಗಳ ಸಮೇತ ಹಿಂದಿರುಗಿದರು. ಅವಳು ಆ ದಿನ ಅತ್ತಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಂಗಳ ಮಾತ್ರ ಎರಡು ಸಲ ಗುಡಿಸಿದ್ದಳು.

ವಸ್ತುಸಂಗ್ರಹಾಲಯಕ್ಕೆ ಬಂದ ಹೊಸ ಯಜಮಾನ ಮುಸೆಂಬಿ ರಾಜಧಾನಿಯಲ್ಲಿ ಓದಿದವನು. ಮೂವತ್ತೈದರ ಆಸುಪಾಸು, ದೊಡ್ಡ ಕನ್ನಡಕ, ಒಳ್ಳೆಯ ಮನಸ್ಸು. ಹಿಂದಿನ ಗುಡಿಸಲು ತೆರೆಸಬೇಕು ಎಂದ ದಿನ ಬಡಗಿ ಸುತ್ತಿಗೆಯನ್ನು ಅಲ್ಲೇ ಬಿಟ್ಟು ಹೋದ. ಬಣ್ಣದವರು ಊಟಕ್ಕೆ ಹೋದವರು ಬರಲೇ ಇಲ್ಲ. ಬಾಗಿಲ ಮುಂದೆ ಬೀಗದ ಕೈ ಹಿಡಿದು ನಿಂತ ಮುಸೆಂಬಿಯ ಹಣೆಯಲ್ಲೂ ಬೆವರು.

"ಪುಸ್ತಕದಲ್ಲಿ ಓದೋವಾಗ ಇಷ್ಟು ಹೆದ್ರಿಕೆ ಆಗಿರ್ಲಿಲ್ಲ ಅಮ್ಮ," ಅಂದ.

"ಕೊಡು ಮಗಾ ಇಲ್ಲಿ," ಎಂದು ಕಸ್ಯೋಕ ಕೈ ಚಾಚಿದಳು. "ಮುಳುಗಿದವಳಿಗೆ ಚಳಿಯೇನು, ಮಳೆಯೇನು? ನನ್ನ ಮನೇಲಿ ಅದಕ್ಕೆ ತಿನ್ನೋಕೆ ಇನ್ನೇನೂ ಉಳಿದಿಲ್ಲ."

ಬಾಯಲ್ಲಿ ಹಾಗೆ ಅಂದಳು. ಬೀಗ ತಿರುವುವ ಮೊದಲು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು.

ಒಳಗೆ ಚರ್ಮದಲ್ಲಿ ಸುತ್ತಿದ ಕೊಂಬು ಕಲ್ಲಿನ ಮೇಲೆ ಮಲಗಿತ್ತು. ಅವಳು ತಲೆ ತಗ್ಗಿಸಿ, ಅದರ ಕಡೆ ಬೆನ್ನು ಮಾಡದೆ ಪಕ್ಕಕ್ಕೆ ಸರಿದಳು. ಆಣೆಯಲ್ಲಿ ಸತ್ತವರ ಮನೆಗಳಿಂದ ತಂದು ಹಾಕಿದ ಚಾಪೆಗಳಿದ್ದ ಜಾಗದಲ್ಲಿ ಗೆದ್ದಲ ಮಣ್ಣು. ಮೇಲೆ ಜಂತಿಯಿಂದ ತಂತಿಯಲ್ಲಿ ಒಂದು ಬುಟ್ಟಿ ತೂಗುತ್ತಿತ್ತು. ಗೆದ್ದಲಿಗೆ ಎಟುಕದೆ ಉಳಿದದ್ದು ಅದೊಂದೇ.

"ಕೊಂಬನ್ನ ಸೂರಿನ ಕೆಳಗೆ ಜನರ ಮಧ್ಯೆ ಇಡಬೇಡ ಮಗಾ. ಬರೋರು ಬಾಗಿಲಾಚೆ ನಿಂತು ನೋಡ್ಲಿ," ಎಂದಳು. ಮುಸೆಂಬಿ ಜಾಣ, ವಾದಿಸಲಿಲ್ಲ. ಬುಟ್ಟಿಯನ್ನು ಮಾತ್ರ ಹೊರಗೆ ತಂದು, ಕೋರ್ಟಿನ ಹಾಲಿನಲ್ಲಿ ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಇಟ್ಟ. ಪಕ್ಕದಲ್ಲಿ ಚೀಟಿ ಬರೆದ: 'ಅರ್ಧಕ್ಕೆ ನಿಂತ ಬುಟ್ಟಿ. ಹೆಣೆದವರು ತಿಳಿದಿಲ್ಲ.'

ಮರುದಿನ ಕಸ್ಯೋಕ ಮೃದುವಾದ ಬ್ರಷ್ಷು ಹಿಡಿದು ಅದರ ಧೂಳು ಕೊಡವುತ್ತಿದ್ದಳು. ಬೆರಳು ಒಂದು ಕಡೆ ತಡೆಯಿತು. ಬುಡದಿಂದ ನಾಲ್ಕು ಬೆರಳು ಮೇಲೆ ಒಂದು ಸುತ್ತು ಅರ್ಧ ದೂರ ನೆಟ್ಟಗೆ ಬಂದು, ಆಮೇಲೆ ಕುಡಿದವನ ನಡಿಗೆಯಂತೆ ಸೊಟ್ಟಗೆ ಹೋಗಿತ್ತು.

ಅವಳು ಕೂತುಬಿಟ್ಟಳು. ಆ ಹಾಲಿನಲ್ಲಿ ಕುರ್ಚಿಯ ಮೇಲೆ ಎಂದೂ ಕೂತವಳಲ್ಲ, ಮ್ಯಾಜಿಸ್ಟ್ರೇಟರ ಕುರ್ಚಿಯೇ ಹಿಂದಿತ್ತು, ಅದರಲ್ಲೇ ಕೂತಳು. ತನ್ನ ಎಂಟು ವರ್ಷದ ಕೈ ಅಲ್ಲಿತ್ತು. ಅಜ್ಜಿ ಬಿಚ್ಚಗೊಡದ ದಿನ ಅಲ್ಲಿತ್ತು. ನಲವತ್ತೈದು ವರ್ಷ ಅವಳು ಯಾವ ಗುಡಿಸಲ ಸುತ್ತ ಗುಡಿಸಿದ್ದಳೋ ಅದೇ ಗುಡಿಸಲಲ್ಲಿ ಅಜ್ಜಿಯ ಸಾಕ್ಷಿ ತೂಗಾಡುತ್ತಾ ಕಾದಿತ್ತು.

ಬುಡದ ನಡುವಿನಿಂದ ಬೆರಳಿಟ್ಟು ಎಣಿಸಿದಳು. ಮೊದಲ ಕರಿ ಸುತ್ತಿನವರೆಗೆ, ಆಮೇಲೆ ಕರಿಯಿಂದ ಕರಿಗೆ: ಇಪ್ಪತ್ತೊಂಬತ್ತು, ಮೂವತ್ತು, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತು. ಮೋಡದ ತಿಂಗಳು, ಮೂವತ್ತು. ಏಳನೆಯದು ಇಪ್ಪತ್ತೊಂಬತ್ತು. ಅದರ ಮೇಲೆ ಬಿಳಿ ಸುತ್ತು: ಒಂದು, ಎರಡು, ಮೂರು... ಹನ್ನೊಂದು. ಅಲ್ಲಿಗೆ ನಾರಿನ ತುದಿ ನೇತಾಡುತ್ತಿತ್ತು. ಅವಳು ಮೂರು ಸಲ ಎಣಿಸಿದಳು. ಮೂರನೇ ಸಲ ಮುಸೆಂಬಿಯೂ ಬಂದು ಪಕ್ಕದಲ್ಲಿ ನಿಂತು ಕಾಗದದ ಮೇಲೆ ಗೀಟು ಹಾಕಿದ. ಅವಳು ಕಥೆಯನ್ನೆಲ್ಲ ಹೇಳಿದಳು. ಅವನು ಹಳೇ ದಫ್ತರ ತೆಗೆದು ಆ ಸಾಲು ಹುಡುಕಿದ: 'ಆಣೆ ಮಾಡಿದವಳು ಅವಧಿಯೊಳಗೆ ಮೃತಳಾದಳು. ಹಿರಿಯ ಕ್ಯಾಲೊ ಹೇಳಿಕೆಯ ಮೇರೆಗೆ.'

"ಏಳು ತಿಂಗಳು ಹನ್ನೊಂದು ದಿನ," ಎಂದ ಮುಸೆಂಬಿ. ಕನ್ನಡಕ ತೆಗೆದು ಒರೆಸಿಕೊಂಡ. "ಅಮ್ಮ, ಆ ಮುದುಕಿ ಚಂದ್ರನ್ನೇ ಹಿಡಿದು ಬುಟ್ಟೀಲಿ ಹಾಕಿಟ್ಟಿದಾಳಲ್ಲಮ್ಮಾ!"

ಕಸ್ಯೋಕಳಿಗೆ ಸಂತೋಷ ಬಂತು, ಅದರ ಹಿಂದೆಯೇ ಸಂಕಟ. ನಿಜ ಗೊತ್ತಾದರೆ ಸಾಲದು. ಆ ಮಾತು ಎದುರಾಳಿ ಮನೆಯವರ ಬಾಯಿಂದ ಬರಬೇಕು. ಮಾಲುಕಿ ಸತ್ತು ಮೂವತ್ತು ವರ್ಷ. ಅವನ ಮನೆಯಲ್ಲಿ ಹಿರಿಯನೆಂದು ಉಳಿದವನು ಮೊಮ್ಮಗ ಕಿಮೆವು ಒಬ್ಬನೇ. ಲಾರಿ ಓಡಿಸಿ ನಿವೃತ್ತನಾದವನು, ಎಮ್ಮೆಯಷ್ಟು ಮೊಂಡ. ಅವಳು ಎದುರು ಸಿಕ್ಕರೆ ಪಕ್ಕಕ್ಕೆ ಉಗುಳಿ ದಾಟುವವನು. ಅವನ ಬಾಯಿಂದ ಆ ಮಾತೆಂದರೆ ಕಲ್ಲಿನಿಂದ ನಾರು ತೆಗೆದಂತೆ.

ಆದರೆ ಬಂದ. ಕಸ್ಯೋಕಳಿಗಾಗಿ ಅಲ್ಲ, ತಾತನ ಮೂರುಕಾಲಿನ ಮಣೆಯನ್ನು ವಸ್ತುಸಂಗ್ರಹಾಲಯಕ್ಕೆ ಕೊಡಲು, ಅದರ ಕೆಳಗೆ ತನ್ನ ಹೆಸರು ಬರೆಸಿಕೊಳ್ಳಲು.

"ಏ ಗುಡಿಸೋಳೇ, ನಿಮ್ಮ ಸಾಹೇಬ್ರು ಎಲ್ಲಿ?"

"ಬರ್ತಾರೆ. ಅಲ್ಲೀವರ್ಗೂ ಈ ಬುಟ್ಟಿ ನೋಡು."

"ಬುಟ್ಟಿ ನೋಡೋಕೆ ನಾನೇನು ಸಂತೆಗೆ ಬಂದಿದೀನಾ?"

"ಕಲೋಂಡು ಹೆಣೆದದ್ದು. ಆಣೆ ಮಾಡಿದ ದಿನದಿಂದ, ದಿನಕ್ಕೊಂದು ಸುತ್ತು. ತಿಂಗಳಿಗೊಂದು ಕರಿ. ಎಣಿಸು."

ಕಿಮೆವು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಹಿಂದೆ ಸರಿದದ್ದಕ್ಕೆ ತಾನೇ ನಾಚಿ ಜೋರು ಮಾಡಿದ. "ಸಾಕು ಸುಮ್ನಿರು. ನಮ್ಮಮ್ಮ ದಿನಕ್ಕೆ ಹತ್ತು ಸುತ್ತು ಹೆಣಿತಿದ್ಲು. ದಿನಕ್ಕೊಂದು ಅಂತ ಯಾರು ಕಂಡೋರು? ಬುಟ್ಟಿ ಬಂದು ಸಾಕ್ಷಿ ಹೇಳುತ್ತಾ?"

"ಹೇಳುತ್ತೆ. ನಿಮ್ಮಮ್ಮನ ಬುಟ್ಟೀಲಿ ಕರಿ ಸುತ್ತು ಎಲ್ಲಿ ಬರುತ್ತೆ? ಚೆಂದ ಕಂಡಲ್ಲಿ. ಇದ್ರಲ್ಲಿ ಏಳು ಸಲಾನೂ ಇಪ್ಪತ್ತೊಂಬತ್ತು ಇಲ್ಲ ಮೂವತ್ತು. ಅದು ಯಾರ ಲೆಕ್ಕ? ನನ್ನದಾ? ನಿಂದಾ? ಮೇಲಿರೋನ ಲೆಕ್ಕ ಕಣಪ್ಪಾ. ನನ್ನ ಮಾತು ನಂಬಬೇಡ. ನಿನ್ನ ಬೆರಳಿದೆ, ಎಣಿಸು."

ಕಿಮೆವು ಸುತ್ತ ನೋಡಿದ. ಆ ಹಾಲಿನಲ್ಲಿ ಎಂಥವನಿಗೂ ಓಡಿಹೋಗಲು ನಾಚಿಕೆಯಾಗುತ್ತದೆ. ಗ್ರೀಸು ಕಚ್ಚಿ ಕಪ್ಪಾದ ದಪ್ಪ ಬೆರಳನ್ನು ಬುಟ್ಟಿಯ ಬುಡಕ್ಕಿಟ್ಟ. ಅವನೂ ತಾಯಿಯ ಎದುರು ನಾರಿನ ತುದಿ ಹಿಡಿದು ಬೆಳೆದವನೇ, ಸುತ್ತು ತಪ್ಪುವ ಬೆರಳಲ್ಲ ಅದು. ಮೊದಮೊದಲು ಗಟ್ಟಿಯಾಗಿ ಎಣಿಸಿದ. ಮೂರನೆಯ ಕರಿ ಸುತ್ತು ದಾಟುವಾಗ ದನಿ ಇಳಿಯಿತು. ಆರನೆಯದಕ್ಕೆ ತುಟಿ ಮಾತ್ರ ಅಲುಗಿತು. ಏಳನೆಯದರಲ್ಲಿ ಬೆರಳು ನಿಂತಿತು. ಆಮೇಲೆ ಆ ಹನ್ನೊಂದನ್ನು, ಬಿಸಿ ಪಾತ್ರೆ ಮುಟ್ಟುವವನ ಹಾಗೆ, ಒಂದೊಂದಾಗಿ ದಾಟಿತು.

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ತಂದಿದ್ದ ಮಣೆಯನ್ನು ಕೊಡಲೂ ಇಲ್ಲ. ಅದನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.

"ಹೋದ," ಎಂದಳು ಕಸ್ಯೋಕ ಮುಸೆಂಬಿಗೆ. "ಹೋಗ್ಲಿ ಬಿಡು. ಅಜ್ಜಿ ನಿಜ ಹೇಳಿದ್ಲು ಅಂತ ನನಗೆ ಗೊತ್ತಾಯ್ತಲ್ಲ." ಅಂದಳೇ ಹೊರತು, ಆ ಮಧ್ಯಾಹ್ನ ಊಟದ ಬುತ್ತಿ ಬಿಚ್ಚಲಿಲ್ಲ.

ಎಂಟು ದಿನದ ಮೇಲೆ ವಸ್ತುಸಂಗ್ರಹಾಲಯ ತೆರೆಯಿತು. ಅತ್ತಿಮರದ ಕೆಳಗೆ ಪೆಂಡಾಲು, ಬಾಡಿಗೆ ಕುರ್ಚಿ, ಮುಗಿಯದ ಭಾಷಣ. ಊರಿಗೆ ಊರೇ ಬಂದಿತ್ತು. ಮೂರನೆಯ ಭಾಷಣ ಮುಗಿದು ನಾಲ್ಕನೆಯವರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಕಿಮೆವು ಜನರ ನಡುವಿನಿಂದ ಬಂದ. ಒಗೆದ ಅಂಗಿ, ಕೈಯಲ್ಲಿ ತಾತನ ಮಣೆ. ತಾತನೇ ಅಲ್ಲಿ ಕೂತಿರುವಂತೆ ಅದನ್ನು ಮರದ ಬುಡದಲ್ಲಿಟ್ಟ, ತಾನು ಕೂರಲಿಲ್ಲ. ಹಿಂದಿನ ಸಾಲಿನಲ್ಲಿ ಪೊರಕೆ ಹಿಡಿದು ನಿಂತಿದ್ದ ಕಸ್ಯೋಕಳ ಕಡೆ ತಿರುಗಿ ಎದುರಿನ ನೆಲ ತೋರಿಸಿದ.

ಅವಳಿಗೆ ತಿಳಿಯಿತು. ಮುದುಕರಿಗೂ ತಿಳಿಯಿತು. ಒಬ್ಬೊಬ್ಬರಾಗಿ ಟೋಪಿ ತೆಗೆದರು. ಭಾಷಣದವನು ಮೈಕು ಕೆಳಗಿಳಿಸಿದ. ಐವತ್ತನಾಲ್ಕು ವರ್ಷದಿಂದ ಆ ಜಾಗ ಯಾರೂ ಕೂರದೆ ಉಳಿದಿತ್ತು. ಕಸ್ಯೋಕ ಪೊರಕೆಯನ್ನು ಪಕ್ಕಕ್ಕಿಟ್ಟು, ತಾನು ಬೆಳಿಗ್ಗೆ ಗುಡಿಸಿದ್ದ ಮಣ್ಣಿನ ಮೇಲೆ ಅಜ್ಜಿಯ ಬದಲಿಗೆ ಕೂತಳು.

"ನಾನು ಮಾಲುಕಿಯ ಮೊಮ್ಮಗ ಕಿಮೆವು," ಎಂದ. ಲಾರಿಯವನ ದನಿ, ಅಂಗಳದ ಕೊನೆಗೂ ಕೇಳಿತು. "ನಾನೇ ನನ್ನ ಬೆರಳಿಂದ ಎಣಿಸಿದೀನಿ. ಒಂದ್ಸಲ ಅಲ್ಲ, ಮನೇಲಿ ಎಂಟು ದಿನ ನಿದ್ದೆ ಇಲ್ದೆ ತಲೇಲಿ ಎಣಿಸಿದೀನಿ. ಮುಲಿಯ ಹೆಂಡ್ತಿ ಕಲೋಂಡು, ಕೇಳು. ನೀನು ಹೇಳಿದ್ದೇ ಹೌದು." ತಾತನ ಮಣೆಯ ಕಡೆ ಒಮ್ಮೆ ನೋಡಿದ. ಮತ್ತೆ ಅವಳ ಕಡೆ ತಿರುಗಿದ. "ತಿಂಗಳು ತುಂಬಿತು. ಎದ್ದು ಮನೆಗೆ ಹೋಗು."

ಕಸ್ಯೋಕ ಏಳಲು ಹೊರಟಳು. ನೆಲಕ್ಕೆ ಅಂಗೈ ಊರಿದಳು, ಜಾರಿತು. ಕಣ್ಣೀರು ಗಲ್ಲದಿಂದ ಮಣ್ಣಿಗೆ ಬೀಳುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

ಕಿಮೆವು ಬಗ್ಗಿ ಕೈ ಕೊಟ್ಟ.

"ಏಳಕ್ಕಾ," ಅಂದ ಮೆಲ್ಲಗೆ. "ಮುಲಿ ತಾತನ ಹೊಲದ ಮನೆ ಬಾಗಿಲು ತೆಗೆಸಿದೀನಿ. ದೂರದ ದಾರಿ. ಬಿಸಿಲಿರೋವಾಗ್ಲೇ ಹೊರಡೋಣ."

ಅವಳು ಎದ್ದಳು. ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚಿ ಮುಸೆಂಬಿಯ ಕೈಗೆ ಹಾಕಿದಳು. ಬುಟ್ಟಿಯ ಚೀಟಿಯನ್ನು ಸರಿಯಾಗಿ ಬರೆ, ಹೆಸರು ಹಾಕು ಎಂದಳು. ಅಷ್ಟು ಹೊತ್ತಿಗೆ ಅಂಗಳದ ತುಂಬ ಅತ್ತಿ ಎಲೆ ಉದುರಿತ್ತು. ಕಸ್ಯೋಕ ಅದನ್ನು ನೋಡಿದಳು, ಮರಕ್ಕೆ ಒರಗಿಸಿಟ್ಟ ಪೊರಕೆಯನ್ನೂ ನೋಡಿದಳು. ಗುಡಿಸದೆ ಹೊರಟಳು.